ಕರುಳಿನ ತುಣುಕು ನುಡಿಯುವ ಸಾಕ್ಷ್ಯ

(ಕರಣಕೋಟದಲ್ಲಿ ನಡೆದ ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತನಾಡುವುದು ನನ್ನ ವಾಡಿಕೆ. ಈ ಸಲ ಒಂದು ರೋಗದ ವಿಷಯವನ್ನು ಎತ್ತಿಕೊಂಡಿದ್ದೇನೆ. ಕನ್ನಡ ಪಂಡಿತನಿಗೇಕೆ ವೈದ್ಯರ ಉಸಾಬರಿ ಎಂದು ತಾವು ಕೇಳಬಹುದು. ನಾನು ವೈದ್ಯನಲ್ಲ; ನಮ್ಮ ಮನೆಗೆ ಬಂದ ಒಂದು ಕಾಗದದ ಅರ್ಥ ತಿಳಿಯದೆ ತಿಂಗಳುಗಟ್ಟಲೆ ತೊಳಲಿದವನು. ಆಮೇಲೆ ಬಲ್ಲವರಿಂದ ಕೇಳಿ ತಿಳಿದುದನ್ನು ನಮ್ಮ ನುಡಿಯಲ್ಲಿ ತಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ. ಮನೆಯವರ ಒಪ್ಪಿಗೆ ಪಡೆದೇ ಈ ಮಾತನ್ನು ಆಡುತ್ತಿದ್ದೇನೆ.

ನನ್ನ ಸೋದರಮಾವನವರಿಗೆ ಆಗ ಐವತ್ತು ತುಂಬಿರಲಿಲ್ಲ. ಮಲದಲ್ಲಿ ರಕ್ತ ಕಾಣಿಸಿಕೊಂಡಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹೇಗೋ ನನಗೆ ತಿಳಿದಾಗ, “ಮಾವ, ಒಮ್ಮೆ ದವಾಖಾನಿಗಿ ಹೋಗಿ ತೋರಸ್ರಿ” ಎಂದೆ. “ಮೂಲವ್ಯಾಧಿ ಅದಪ್ಪಾ, ಖಾರ ಬಿಟ್ರ ಹೋಗ್ತದ” ಎಂದರು. ನಾನೂ ಒತ್ತಾಯಿಸಲಿಲ್ಲ. ಎರಡು ವರ್ಷ ಗಿಡಮೂಲಿಕೆಯಲ್ಲಿ ಕಳೆಯಿತು. ಮೈ ಇಳಿದು, ಮುಖ ಬಿಳಿಚಿದ ಮೇಲೆ ಹೈದರಾಬಾದಿಗೆ ಕರೆದೊಯ್ದೆವು. ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯ ತರುವಾಯ ಬಂದ ವರದಿಯಲ್ಲಿ ನಾಲ್ಕು ಹೆಸರುಗಳಿದ್ದುವು: ಎಂ.ಎಲ್.ಎಚ್. ೧, ಪಿ.ಎಂ.ಎಸ್. ೨, ಎಂ.ಎಸ್.ಎಚ್. ೨, ಎಂ.ಎಸ್.ಎಚ್. ೬. ಮೊದಲೆರಡು ಇವೆ, ಕೊನೆಯೆರಡು ಇಲ್ಲ ಎಂದು ಬರೆದಿತ್ತು. ಇಲ್ಲದಿರುವುದು ಒಳ್ಳೆಯದೋ ಕೆಟ್ಟುದೋ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಇವು ನಾಲ್ಕೂ ಪ್ರೋಟೀನುಗಳ ಹೆಸರು. ಬೇಳೆಯಲ್ಲಿರುವ ಪ್ರೋಟೀನನ್ನು ನಾವು ಬಲ್ಲೆವು. ತಾಂಡೂರಿನ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತುದನ್ನು ತಾವೆಲ್ಲ ಕೇಳಿದ್ದೀರಿ. ಆದರೆ ಜೀವಕೋಶದೊಳಗಿನ ಪ್ರೋಟೀನು ಬರಿಯ ಆಹಾರವಲ್ಲ, ಅದು ಕೆಲಸಗಾರ. ಒಂದೊಂದಕ್ಕೂ ಒಂದೊಂದು ಕಾಯಕ. ಯಾವ ಕೆಲಸಗಾರ ಹೆಚ್ಚಾಗಿದ್ದಾನೆ, ಯಾವನು ಕಾಣೆಯಾಗಿದ್ದಾನೆ ಎಂಬುದನ್ನು ನೋಡಿ ರೋಗದ ಸ್ವಭಾವವನ್ನು ಊಹಿಸಬಹುದು. ಆದಕಾರಣವೇ ಅವನ್ನು ಗುರುತು ಪ್ರೋಟೀನುಗಳೆನ್ನುತ್ತಾರೆ.

ನೋಡುವ ಬಗೆ ಹೀಗೆ. ತೆಗೆದ ಗಂಟಿನ ತುಣುಕನ್ನು ಮೇಣದಲ್ಲಿ ಹುದುಗಿಸುತ್ತಾರೆ. ನಮ್ಮ ಗಣಿಗಳಲ್ಲಿ ಕಲ್ಲನ್ನು ಪದರ ಪದರವಾಗಿ ಬಿಡಿಸುವಂತೆ, ಅದರಿಂದ ತೆಳು ಹಾಳೆಗಳನ್ನು ತೆಗೆಯುತ್ತಾರೆ. ಒಂದು ಹಾಳೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು. ಅದರ ಮೇಲೆ ಪ್ರತಿಕಾಯವೆಂಬ ದ್ರವ್ಯವನ್ನು ಹಾಕುತ್ತಾರೆ. ಬೀಗಕ್ಕೆ ಕೀಲಿ ಹೊಂದುವಂತೆ ಅದು ತನ್ನ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವುದು. ಅಂಟಿದೆಡೆಯಲ್ಲಿ ಕಂದುಬಣ್ಣ ಮೂಡುವಂತೆ ಮಾಡುತ್ತಾರೆ. ಪ್ರೋಟೀನು ಇಲ್ಲದೆಡೆ ನೀಲಿಯಾಗಿಯೇ ಉಳಿಯುವುದು. ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟುವ ಉಪಾಯವನ್ನು ಅಮೆರಿಕೆಯ ಆಲ್ಬರ್ಟ್ ಕೂನ್ಸ್ ಎಂಬವರು ೧೯೪೧ರಲ್ಲಿ ತೋರಿಸಿದರು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ೧೯೭೫ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. ೧೯೮೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ರೋಗದ ಗುರುತುಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದದ್ದು ಸಿ.ಇ.ಎ. ಎಂಬುದು. ೧೯೬೫ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಅದನ್ನು ದೊಡ್ಡ ಕರುಳಿನ ಕ್ಯಾನ್ಸರಿನ ಅಂಗಾಂಶದಲ್ಲಿಯೇ ಕಂಡರು. ಇಂದು ಅದನ್ನು ರಕ್ತದಲ್ಲಿ ಅಳೆದು, ಚಿಕಿತ್ಸೆಯ ನಂತರ ರೋಗ ಮರುಕಳಿಸುತ್ತಿದೆಯೇ ಎಂದು ನೋಡುವರು. ಆದರೆ ಬೀಡಿ ಸೇದುವವರಲ್ಲಿಯೂ ಅದು ಏರಬಹುದು, ರೋಗವಿದ್ದೂ ಏರದಿರಬಹುದು. ಅದೊಂದನ್ನೇ ನಂಬಿ ರೋಗವಿದೆ, ಇಲ್ಲ ಎಂದು ನಿರ್ಧರಿಸಲಾಗದು.

ಮಾವನವರ ವರದಿಯ ನಾಲ್ಕು ಪ್ರೋಟೀನುಗಳ ಕೆಲಸವು ಬೇರೆ. ಅದನ್ನು ಕೇಳಿದಾಗ ನನಗೆ ತಾಳೆಗರಿಯ ಲಿಪಿಕಾರರು ನೆನಪಾದರು. ಒಂದು ಪ್ರತಿಯಿಂದ ಮತ್ತೊಂದನ್ನು ಬರೆಯುವಾಗ ಅಕ್ಷರ ತಪ್ಪುವುದು ಸಹಜ. ಅದಕ್ಕೆಂದೇ ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುಗರನ್ನು ಅವರು ಬೇಡಿಕೊಳ್ಳುತ್ತಿದ್ದರು. ಜೀವಕೋಶವೂ ಒಂದು ಎರಡಾಗುವಾಗ ತನ್ನ ವಂಶಲಿಪಿಯನ್ನೆಲ್ಲ ನಕಲು ಮಾಡಬೇಕು. ಒಂದೇ ಅಕ್ಷರ ಸಾಲಾಗಿ ಮರುಮರಳಿ ಬರುವೆಡೆ ಅಲ್ಲಿಯೂ ಎಣಿಕೆ ತಪ್ಪುವುದು. ಆ ತಪ್ಪನ್ನು ಕಂಡು ತಿದ್ದುವವರೇ ಈ ನಾಲ್ವರು. ಇವರು ಜೋಡಿಯಾಗಿ ದುಡಿಯುವರು. ಎಂ.ಎಸ್.ಎಚ್. ೨ ಇಲ್ಲವಾದರೆ ಅದರ ಜೊತೆಗಾರನಾದ ಎಂ.ಎಸ್.ಎಚ್. ೬ ಕೂಡ ನಿಲ್ಲದು. ತಿದ್ದುವವರಿಲ್ಲದ ಕೋಶದಲ್ಲಿ ತಪ್ಪುಗಳು ಗುಡ್ಡೆಯಾಗಿ, ಕಡೆಗೆ ಕೋಶವು ಹತೋಟಿ ಮೀರುವುದು.

ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ೧೫ರಲ್ಲಿ ಈ ತಿದ್ದುಪಡಿ ಕೆಟ್ಟಿರುತ್ತದೆ. ಅವೆಲ್ಲವೂ ವಂಶದಿಂದ ಬಂದವಲ್ಲ. ಎಂ.ಎಲ್.ಎಚ್. ೧ ಕಾಣೆಯಾಗಿದ್ದರೆ ಬಹುಮಟ್ಟಿಗೆ ಅದು ವಯಸ್ಸಿನೊಡನೆ ಆ ಗಂಟಿನಲ್ಲಿ ಮಾತ್ರ ಉಂಟಾದ ದೋಷ. ಎಂ.ಎಸ್.ಎಚ್. ೨ ಕಾಣೆಯಾದಾಗಲಾದರೋ ವಂಶದ ಶಂಕೆ ಬಲವಾಗುವುದು. ವಂಶದ ದೋಷಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. ನೂರು ರೋಗಿಗಳಲ್ಲಿ ಸುಮಾರು ಮೂವರಿಗೆ ಇದು ಕಾರಣ. ತಂದೆಯಲ್ಲಿಯೋ ತಾಯಿಯಲ್ಲಿಯೋ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರಿನ ಭಯವೂ ಉಂಟು.

ಇದರ ಚರಿತ್ರೆಯು ಒಬ್ಬ ದರ್ಜಿ ಹೆಂಗಸಿನಿಂದ ಮೊದಲಾಗುತ್ತದೆ. ೧೮೯೫ರಲ್ಲಿ ಅಮೆರಿಕೆಯ ಆನ್ ಆರ್ಬರ್ ಎಂಬ ಊರಿನಲ್ಲಿ ಆಕೆ ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರೊಡನೆ, ತನ್ನ ಮನೆತನದಲ್ಲಿ ಬಹಳ ಜನ ಕ್ಯಾನ್ಸರಿನಿಂದ ಸತ್ತರೆಂದೂ ತಾನೂ ಹಾಗೆಯೇ ಸಾಯುವೆನೆಂದೂ ಹೇಳಿಕೊಂಡಳು. ಹಾಗೆಯೇ ಆಯಿತು. ವಾರ್ಥಿನ್ ಅವರು ಆ ಮನೆತನದ ವಂಶವೃಕ್ಷವನ್ನು ಬರೆದು ೧೯೧೩ರಲ್ಲಿ ಪ್ರಕಟಿಸಿದರು. ೧೯೬೬ರಿಂದ ಹೆನ್ರಿ ಲಿಂಚ್ ಅವರು ಇಂಥ ಮನೆತನಗಳನ್ನು ಕುರಿತು ಬರೆಯುತ್ತ ಬಂದರು. ಎಂ.ಎಸ್.ಎಚ್. ೨ರ ವಂಶವಾಹಿಯು ೧೯೯೩ರಲ್ಲಿ ಪತ್ತೆಯಾಯಿತು. ೨೦೦೦ದಲ್ಲಿ ನೋಡಿದಾಗ ಆ ದರ್ಜಿ ಹೆಂಗಸಿನ ಮನೆತನದ ದೋಷವೂ ಅದರಲ್ಲಿಯೇ ಇತ್ತು. ಆಕೆಯ ಮಾತು ನಿಜವೆಂಬುದು ನೂರು ವರ್ಷಗಳ ಮೇಲೆ ಸ್ಥಿರವಾಯಿತು.

ನಮ್ಮ ಮನೆಯಲ್ಲಿ ವೈದ್ಯರು ಕೇಳಿದಾಗಲೇ ಹಳೆಯ ಮಾತುಗಳು ಹೊರಬಂದುವು. ಅಜ್ಜನವರು ನಲವತ್ತರ ಪ್ರಾಯದಲ್ಲಿಯೇ ಹೊಟ್ಟೆಯ ಗಂಟಿನಿಂದ ತೀರಿಕೊಂಡಿದ್ದರು. ಅವರ ತಂಗಿಗೆ ಗರ್ಭಕೋಶದ ರೋಗವಿತ್ತು. ಮಾವನವರ ರಕ್ತದ ಪರೀಕ್ಷೆಯಲ್ಲಿ ವಂಶದ ದೋಷ ಖಚಿತವಾಯಿತು. ನನ್ನ ತಾಯಿಯವರಿಗೆ ಅದು ಬಂದಿರಲಿಲ್ಲ. ಆದುದರಿಂದ ನನಗೂ ಇಲ್ಲ. ಮಾವನವರ ಮಕ್ಕಳ ಸರದಿ ಬಂದಾಗ ಅತ್ತೆಯವರು ಕೈಮುಗಿದು, “ಯಾರಿಗೂ ಹೇಳಬ್ಯಾಡಪ್ಪಾ, ಹುಡುಗೀಗಿ ಸಂಬಂಧ ಬರಂಗಿಲ್ಲ” ಎಂದರು. ನನಗೆ ಉತ್ತರ ತೋಚಲಿಲ್ಲ. ಆ ಭಯ ಸುಳ್ಳೆಂದು ಈಗಲೂ ನಾನು ಹೇಳಲಾರೆ. ಹಾಸಿಗೆ ಹಿಡಿದಿದ್ದ ಮಾವನವರೇ ಮಗಳನ್ನು ಕರೆದು, “ನಾ ಎರಡು ವರ್ಷ ಮುಚ್ಚಿಟ್ಟೆ ತಂಗಿ, ನೀ ಮುಚ್ಚಿಡಬ್ಯಾಡ” ಎಂದರು. ಆಕೆ ಪರೀಕ್ಷೆಗೆ ಒಪ್ಪಿದಳು. ಆಕೆಗೆ ದೋಷ ಬಂದಿತ್ತು. ಕರುಳಿನೊಳಗೆ ನಳಿಕೆ ಇಳಿಸಿ ನೋಡಿದಾಗ ಸಣ್ಣ ಗಂಟೊಂದು ಕಂಡು, ಅದು ಕ್ಯಾನ್ಸರಾಗುವ ಮುನ್ನವೇ ತೆಗೆದುಹಾಕಿದರು. ಮಾವನವರು ಇಂದು ನಮ್ಮೊಡನಿಲ್ಲ. ಮಗಳು ಈ ಸಭೆಯಲ್ಲಿಯೇ ಕುಳಿತಿದ್ದಾಳೆ.

ಇನ್ನು ಮಾಡತಕ್ಕದ್ದೇನು? ಮಲದಲ್ಲಿ ರಕ್ತ, ಕೆಲವಾರಗಳಾದರೂ ಸರಿಹೋಗದ ಮಲವಿಸರ್ಜನೆಯ ಏರುಪೇರು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವುಗಳನ್ನು ಮೂಲವ್ಯಾಧಿಯೆಂದು ತಾವೇ ನಿರ್ಣಯಿಸಬೇಡಿರಿ. ಮನೆತನದಲ್ಲಿ ಯಾರು ಯಾವ ವಯಸ್ಸಿನಲ್ಲಿ ಏನಾಗಿ ತೀರಿಕೊಂಡರೆಂದು ಅಜ್ಜಿಯರನ್ನು ಕೇಳಿ ಬರೆದಿಡಿರಿ. ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾದರೆ, ಆ ನಾಲ್ಕು ಪ್ರೋಟೀನುಗಳನ್ನು ನೋಡಿದ್ದಾರೆಯೇ ಎಂದು ವೈದ್ಯರನ್ನು ಕೇಳಿರಿ, ವರದಿಯನ್ನು ಕಾಪಾಡಿರಿ. ವಂಶದೋಷವುಳ್ಳವರನ್ನು ಸಾಮಾನ್ಯವಾಗಿ ೨೦–೨೫ರ ವಯಸ್ಸಿನಿಂದಲೇ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪರೀಕ್ಷಿಸುವರು. ತಿದ್ದುಪಡಿ ಕೆಟ್ಟ ಗಂಟುಗಳಿಗೆ ದೇಹದ ರಕ್ಷಣಾಶಕ್ತಿಯನ್ನು ಎಬ್ಬಿಸುವ ಔಷಧಿಯೂ ಬಂದಿದೆ. ಬೆಲೆ ಹೆಚ್ಚು, ಆದರೆ ಹಲವರಿಗೆ ಗುಣ ಕೊಟ್ಟಿದೆ. ಹೈದರಾಬಾದಿನಲ್ಲಿ ೧೯೫೫ರಿಂದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯ ಶಾಖೆಯು ಕಲಬುರಗಿಯಲ್ಲಿಯೂ ಇದೆ.

ಗಡಿನಾಡಿನ ನಮಗೆ ವರದಿ ಬರುವುದು ಇಂಗ್ಲಿಷಿನಲ್ಲಿ, ವೈದ್ಯರು ಹೇಳುವುದು ತೆಲುಗಿನಲ್ಲಿಯೋ ಹಿಂದಿಯಲ್ಲಿಯೋ. ನೋವನ್ನು ಹೇಳಿಕೊಳ್ಳುವುದು ಮಾತ್ರ ಕನ್ನಡದಲ್ಲಿ. ಆದುದರಿಂದ ಇಂಥ ಕಾಗದವೊಂದು ತಮ್ಮ ಮನೆಗೆ ಬಂದರೆ ಶಾಲೆಗೆ ತನ್ನಿರಿ. ಚಿಕಿತ್ಸೆ ಹೇಳಲಾರೆ, ಆದರೆ ಜೊತೆಗೆ ಕುಳಿತು ಓದಿ, ವೈದ್ಯರನ್ನು ಏನು ಕೇಳಬೇಕೆಂದು ಬರೆದುಕೊಡಬಲ್ಲೆ.