ಪೌರನೀತಿ ಹೊಲದಾಗ ಕಲಿಸ್ರಿ
(ತಿಳವಳ್ಳಿಯ ಪಾಲಕರ ಮುಂದೆ ಮಾಡಿದ ಭಾಷಣ)



ಪೌರನೀತಿಯಲ್ಲಿ ಒಳ್ಳೆ ಅಂಕ ತರುವ ಹೈಸ್ಕೂಲ್ ಹುಡುಗ, ಅಪ್ಪನ ಬೆಳೆವಿಮೆ ಯಾಕ ಬರಲಿಲ್ಲ ಅಂತ ಕೇಳಾಕ ರೈತ ಸಂಪರ್ಕ ಕೇಂದ್ರದ ಮೆಟ್ಟಿಲು ಹತ್ತಂಗಿಲ್ಲ. ಇದೆಂಥ ಕಲಿಕೆ?

2016ರ ಫಸಲ್ ಬಿಮಾದಲ್ಲಿ ಮುಂಗಾರಿನ ಗೋವಿನಜೋಳಕ್ಕೆ ನಾವು ಕಟ್ಟುವುದು ವಿಮಾ ಮೊತ್ತದ ನೂರಕ್ಕೆ 2. ಇಳುವರಿ ಕುಸಿದಾಗ ಪರಿಹಾರ ನಿಮ್ಮೊಬ್ಬರ ಹೊಲ ನೋಡಿ ಬರುವುದಿಲ್ಲ. ಪಂಚಾಯ್ತಿಯಲ್ಲಿ ಆರಿಸಿದ ಕೆಲವೇ ಹೊಲಗಳಲ್ಲಿ ಕೊಯ್ದು ತೂಗಿದ ಲೆಕ್ಕದ ಮೇಲೆ ಬರುತ್ತದೆ. ಆ ತೂಕ ತಪ್ಪಿದರೆ ಊರಿಗೆ ಊರೇ ಸಾಲದಾಗ ಉಳೀತದ.

ಗುರುಗಳೇ, ಆ ದಿನ ಒಂಬತ್ತನೇ ಇಯತ್ತೆಯ ಮಕ್ಕಳನ್ನ ಹೊಲಕ್ಕೆ ಕರಕೊಂಡು ಬರ್ರಿ. ತೂಕ ತಾವೇ ಬರಕೊಳ್ಳಲಿ. ಲೆಕ್ಕ ಹೊಂದದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ಕೇಳಲಿ. 2005ರ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಲೇಬೇಕು.

ಪಾಲಕರೇ, "ನಿನಗ್ಯಾಕ ಬೇಕು ಊರ ಉಸಾಬರಿ" ಅಂತ ಗದರಿಸಬ್ಯಾಡ್ರಿ. ನಾಳೆ ಹೊಲವೂ ಸಾಲವೂ ಅವರ ಹೆಸರಿಗೇ ಬರೋದು.