ಕಲ್ಲು ಓದಿದ ಮೇಷ್ಟ್ರು



1751ರಲ್ಲಿ ನಾರ್ವೆಯ ಟ್ರೋಂಡ್‌ಹೈಮ್ ನಗರದ ಕೆಥೆಡ್ರಲ್ ಶಾಲೆಗೆ ಹೊಸ ಮುಖ್ಯೋಪಾಧ್ಯಾಯರು ಬಂದರು. ಹೆಸರು ಗೆರ್ಹಾರ್ಡ್ ಶೋನಿಂಗ್. ವಯಸ್ಸಿನ್ನೂ ಮೂವತ್ತು ತುಂಬಿರಲಿಲ್ಲ. ಹುಟ್ಟಿದ್ದು 1722ರಲ್ಲಿ, ದೂರದ ಉತ್ತರದ ಲೋಫೋಟೆನ್ ದ್ವೀಪಗಳಲ್ಲಿ. ಮೀನು ಹಿಡಿದು, ಒಣಗಿಸಿ, ಮಾರಿ ಬದುಕುವ ಸೀಮೆ ಅದು. ಅವರು ಓದಿದ್ದೂ ಇದೇ ಶಾಲೆಯಲ್ಲಿ. ಮುಂದಿನ ಓದಿಗೆ ಕೋಪನ್‌ಹೇಗನ್ನಿಗೆ ಹೋಗಬೇಕಾಯಿತು. ಆಗ ನಾರ್ವೆ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು, ಅಲ್ಲಿ ಒಂದೂ ವಿಶ್ವವಿದ್ಯಾಲಯ ಇರಲಿಲ್ಲ. ಅದು ಮಂಜೂರಾದದ್ದು 1811ರಲ್ಲಿ.

ಶೋನಿಂಗ್ ಅವರ ಹಿಂದೆಯೇ ಗೆಳೆಯ ಪೀಟರ್ ಫ್ರೆಡ್ರಿಕ್ ಸೂಮ್ ಕೂಡ ಟ್ರೋಂಡ್‌ಹೈಮಿಗೆ ಬಂದರು. ಈ ಡೇನಿಶ್ ವಿದ್ವಾಂಸರು ಅಲ್ಲಿನ ಸಿರಿವಂತ ಮನೆತನದ ಅಳಿಯನಾಗಿ ನೆಲೆಸಿದರು. ಇಬ್ಬರಿಗೂ ಹಳೆಯ ಹಸ್ತಪ್ರತಿಗಳ ಹುಚ್ಚು. 1760ರಲ್ಲಿ ಬಿಷಪ್ ಗುನ್ನೆರುಸ್ ಅವರೊಡನೆ ಸೇರಿ ಒಂದು ವಿದ್ವತ್ ಸಂಘ ಕಟ್ಟಿದರು. ಏಳು ವರ್ಷಕ್ಕೆ ಅದಕ್ಕೆ ರಾಜಮನ್ನಣೆ ಸಿಕ್ಕಿತು. ಒಬ್ಬ ಬಿಷಪ್ಪು, ಒಬ್ಬ ಮೇಷ್ಟ್ರು, ಒಬ್ಬ ಹಣವಂತ ಓದುಗ: ನಾರ್ವೆಯ ಅತಿ ಹಳೆಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು ಈ ಮೂವರಿಂದ.

ಇನ್ನು ಅದೇ ಊರಿನ ನಿದಾರೋಸ್ ಕೆಥೆಡ್ರಲ್. ಸಂತ ಓಲಾವ್ ದೊರೆಯ ಸಮಾಧಿಯ ಮೇಲೆ ಎದ್ದ ಈ ದೊಡ್ಡ ಚರ್ಚಿಗೆ ಒಂದು ಕಾಲದಲ್ಲಿ ದೇಶದೇಶಗಳಿಂದ ಯಾತ್ರಿಕರು ಬರುತ್ತಿದ್ದರು. ಶೋನಿಂಗ್ ಕಾಲಕ್ಕೆ ಅದು ಬೆಂಕಿಗೆ ಮತ್ತೆಮತ್ತೆ ಸಿಕ್ಕು ಸೊರಗಿತ್ತು. ಪಶ್ಚಿಮದ ಭಾಗವಂತೂ ಪಾಳು. ದಿನವೂ ನೋಡುವ ಪಾಳಿನ ಕಡೆ ಊರಿನವರಿಗೆ ಗಮನವಿರುವುದಿಲ್ಲ, ನಮ್ಮಲ್ಲೂ ಅಷ್ಟೇ ತಾನೇ? ಈ ಮೇಷ್ಟ್ರು ಮಾತ್ರ ಗೋಡೆ, ಕಂಬ, ಶಿಲ್ಪ, ಶಾಸನಗಳನ್ನು ನೋಡಿ ಬರೆದುಕೊಂಡರು, ಹಳೆಯ ದಾಖಲೆಗಳ ಜೊತೆ ಇಟ್ಟು ಓದಿದರು. 1762ರಲ್ಲಿ ಅದೆಲ್ಲ ಗ್ರಂಥವಾಗಿ ಬಂತು. ಚರ್ಚಿನ ಜೀರ್ಣೋದ್ಧಾರ ಶುರುವಾದದ್ದು ನೂರು ವರ್ಷ ಕಳೆದ ಮೇಲೆ, 1869ರಲ್ಲಿ.

1765ರಲ್ಲಿ ಅವರು ಡೆನ್ಮಾರ್ಕಿನ ಸೋರೋ ಅಕಾಡೆಮಿಗೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿದ್ದಾಗಲೇ ನಾರ್ವೆಯ ಇತಿಹಾಸ ಬರೆಯಲು ಕೈಹಾಕಿದರು. ಮೂರು ದಪ್ಪ ಸಂಪುಟಗಳು ಬಂದವು, ಕಥೆ ಮಾತ್ರ ಕ್ರಿ.ಶ. 995ನ್ನು ದಾಟಲಿಲ್ಲ! ಪ್ರಾಚೀನ ಸಾಗಾ ಕಥನಗಳನ್ನು ಅವರು ಅತಿಯಾಗಿ ನಂಬಿದರು. ನಾರ್ವೆಯ ಜನ ಉತ್ತರದ ದಾರಿಯಿಂದ ಬಂದು ನೆಲೆಸಿದರು ಎಂಬ ಅವರ ವಾದವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೂ ಡೇನಿಶ್ ದೊರೆಗಳ ಚರಿತ್ರೆಗೆ ಬಾಲಂಗೋಚಿಯಾಗಿ ಅಲ್ಲ, ನಾರ್ವೆಗೆ ಅದರದೇ ಚರಿತ್ರೆ ಉಂಟು ಎಂದು ಅಷ್ಟು ವಿಸ್ತಾರವಾಗಿ ಬರೆದು ತೋರಿಸಿದ ಧೈರ್ಯ ಸಣ್ಣದಲ್ಲ.

ನನ್ನ ಮಟ್ಟಿಗೆ ಅವರ ನಿಜವಾದ ಕೊಡುಗೆ ಬೇರೆ. 1773ರಿಂದ 1775ರವರೆಗೆ ಅವರು ನಾರ್ವೆಯಲ್ಲಿ ಊರೂರು ಸುತ್ತಿದರು. ಹಳ್ಳಿಯ ಚರ್ಚುಗಳು, ಸಮಾಧಿ ದಿಬ್ಬಗಳು, ಹಳೆಯ ಕಾಗದಪತ್ರಗಳು, ಕಂಡದ್ದನ್ನೆಲ್ಲ ದಾಖಲಿಸಿದರು. ಮುಂದಿನ ಶತಮಾನದಲ್ಲಿ ಜನ ಅಲ್ಲಿನ ಎಷ್ಟೋ ಮರದ ಚರ್ಚುಗಳನ್ನು ಇಕ್ಕಟ್ಟೆಂದು ಕೆಡವಿಬಿಟ್ಟರು. ಮಧ್ಯಯುಗದ ಕಂಬಗೋಡೆಯ ಚರ್ಚುಗಳಲ್ಲಿ ಈಗ ಉಳಿದಿರುವುದು 28 ಮಾತ್ರ. ಹೋದವುಗಳ ಬಗ್ಗೆ ತಿಳಿಯಬೇಕಾದರೆ ಸಂಶೋಧಕರು ಇಂದಿಗೂ ಶೋನಿಂಗ್ ಪ್ರವಾಸದ ಟಿಪ್ಪಣಿಗಳನ್ನು ತೆರೆಯುತ್ತಾರೆ. ಅವರ ಸಿದ್ಧಾಂತ ಹಳತಾಯಿತು, ಟಿಪ್ಪಣಿ ಹಳತಾಗಲಿಲ್ಲ.

1775ರಲ್ಲಿ ರಾಜರ ದಫ್ತರಖಾನೆಯ ಹೊಣೆ ಅವರಿಗೆ ಬಂತು. ಮಧ್ಯಯುಗದ ಲೇಖಕ ಸ್ನೊರಿ ಬರೆದ ನಾರ್ವೆ ದೊರೆಗಳ ಚರಿತ್ರೆ ‘ಹೈಮ್ಸ್‌ಕ್ರಿಂಗ್ಲಾ’ದ ಸಂಪಾದನೆಗೆ ತೊಡಗಿ, 1777ರಲ್ಲಿ ಮೊದಲ ಸಂಪುಟ ಹೊರತಂದರು. ಕೆಲಸ ಪೂರ್ತಿಯಾಗುವ ಮೊದಲೇ, 1780ರಲ್ಲಿ ತೀರಿಕೊಂಡರು. ತಮ್ಮ ಪುಸ್ತಕ ಸಂಗ್ರಹವನ್ನು ಅವರು ಬಿಟ್ಟುಹೋದದ್ದು ಟ್ರೋಂಡ್‌ಹೈಮಿನ ಆ ಸಂಘಕ್ಕೆ. ಸಂಘ ಈಗಲೂ ನಡೆಯುತ್ತಿದೆ.