ನುಡಿಸಿದವರ ತೀರ್ಪು, ಕೇಳಿದವರ ತೀರ್ಪು

(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಆಡಿದ ಮಾತು)



ನಾನು ಸಂಗೀತ ಕಲಿಸುವವನು. ಒಬ್ಬ ಕಲಾವಿದರ ಆಲ್ಬಮ್‌ಗಳಲ್ಲಿ ಯಾವುದು ಶ್ರೇಷ್ಠ ಎಂದು ಅವರನ್ನೇ ಕೇಳಿದರೆ ಸಾಲದೇ ಎಂದು ಶಿಷ್ಯರು ಆಗಾಗ ಕೇಳುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿದೆ. ಸಂಗೀತಗಾರರಲ್ಲಿ ಅದು ತಿರುವುಮುರುವಾಗುವುದೂ ಉಂಟು.

ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ, ತಮ್ಮ 22ನೇ ವಯಸ್ಸಿನಲ್ಲಿ, ಬಾಖ್ ರಚಿಸಿದ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ನುಡಿಸಿ ಧ್ವನಿಮುದ್ರಿಸಿದರು. ಒಂದು ಪುಟ್ಟ ರಚನೆ, ಅದರ ಮೇಲೆ 30 ವಿಸ್ತಾರಗಳು. ಸುಮಾರು 38 ನಿಮಿಷದ ಆ ವೇಗದ ವಾದನ ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತು. ಗೂಲ್ಡರಿಗೆ ಮಾತ್ರ ಸಮಾಧಾನವಾಗಲಿಲ್ಲ. ಕೆಲವೆಡೆ ವೇಗ ಅತಿಯಾಯಿತು, ಶೋಕದ ಭಾಗದಲ್ಲಿ ಭಾವಪ್ರದರ್ಶನ ಹೆಚ್ಚಾಯಿತು ಎಂದರು. 1981ರಲ್ಲಿ ಅದೇ ನ್ಯೂಯಾರ್ಕ್ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದರು. ಈ ಸಲ ಸುಮಾರು 51 ನಿಮಿಷ. ಕೆಲವು ಭಾಗಗಳನ್ನು ಎರಡೆರಡು ಸಲ ನುಡಿಸಿದ್ದೂ ಅದಕ್ಕೊಂದು ಕಾರಣ. ಮರುವರ್ಷ, 50 ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಯಾವುದು ಮೇಲು ಎಂದು ಕೇಳುಗರು ಇಂದಿಗೂ ವಾದಿಸುತ್ತಾರೆ. ಎರಡೂ ಉಳಿದಿರುವುದರಿಂದಲೇ ಈ ವಾದ ಸಾಧ್ಯ.

ರಷ್ಯಾದ ಚೈಕೋವ್‌ಸ್ಕಿ 1880ರಲ್ಲಿ ಎರಡು ಕೃತಿ ಬರೆದರು. ‘1812’ ಬರೀ ಸದ್ದು, ಪ್ರೀತಿಯಿಂದ ಬರೆದದ್ದಲ್ಲ. ತಂತಿವಾದ್ಯಗಳ ‘ಸೆರೆನೇಡ್’ ಒಳಗಿನಿಂದ ಬಂದದ್ದು ಎಂದು ಪತ್ರದಲ್ಲಿ ತಿಳಿಸಿದರು. ಎರಡನ್ನೂ ಜನ ಇಂದಿಗೂ ಕೇಳುತ್ತಾರೆ. ಫಿರಂಗಿ ಸದ್ದಿನ ‘1812’ ಅಂತೂ ಸಂಗೀತ ತಿಳಿಯದವರಿಗೂ ಗೊತ್ತು.

ಇದೇಕೆ ಹೀಗೆ? ಕಲಾವಿದನ ಕಿವಿಯಲ್ಲಿ ತಾನು ನುಡಿಸಬೇಕೆಂದುಕೊಂಡದ್ದು ಕೇಳುತ್ತಿರುತ್ತದೆ. ನಮಗೆ ಕೇಳಿಸುವುದು ನುಡಿಸಿದ್ದು ಮಾತ್ರ. ಎಲ್ಲಿ ಕೊರತೆಯಾಯಿತು ಎಂದು ಅವನಷ್ಟು ಬಲ್ಲವರಿಲ್ಲ. ಏನು ತಲುಪಿತು ಎಂಬುದನ್ನು ಕೇಳಿದವರೇ ಹೇಳಬೇಕು.

ಗುರುಗಳೇ, ಪೋರ್ಷನ್ ಮುಗಿಯಲಿಲ್ಲವೆಂದು ನೀವು ಬೇಸರಪಟ್ಟ ದಿನಗಳಿದ್ದವು. ಪುಸ್ತಕ ಮುಚ್ಚಿಟ್ಟು ನೀವು ಆಡಿದ ಮಾತುಗಳೇ ನಮ್ಮಲ್ಲಿ ಹಲವರ ಜೀವನಕ್ಕೆ ದಾರಿಯಾದವು. ಅದನ್ನು ನಿಮಗೆ ಹೇಳಬೇಕಾದವರು ನಾವು, ಇಂದು ಹೇಳುತ್ತಿದ್ದೇನೆ. ಮಕ್ಕಳೇ, ನೀವು ಬರೆದ ಚಿತ್ರ, ಕಥೆ ಚೆನ್ನಾಗಿಲ್ಲವೆಂದು ಹರಿದು ಹಾಕುವ ಮೊದಲು ಒಬ್ಬರಿಗಾದರೂ ತೋರಿಸಿ.